ಏಣಿಯ ಬುಡದಲ್ಲಿದ್ದ ಕೈ

ಹೊಸದಾಗಿ ಕೆಲಸಕ್ಕೆ ಸೇರಿದ ನರ್ಸ್ ಹುಡುಗಿಯರು ಸಿಕ್ಕಾಗಲೆಲ್ಲ ಕೇಳುವುದು ಒಂದೇ ಪ್ರಶ್ನೆ. "ಮೇಡಂ, ಅಷ್ಟು ವರ್ಷ ಆಸ್ಪತ್ರೇಲಿ ಇದ್ರಲ್ಲ, ದೆವ್ವ ಗಿವ್ವ ಏನಾದ್ರೂ ನೋಡಿದ್ರಾ?" ನರ ಸಿಗದ ಕೈಗೆ ಡ್ರಿಪ್ ಹೇಗೆ ಹಾಕಬೇಕು, ಕೂಗಾಡುವ ಸಂಬಂಧಿಕರನ್ನು ಹೇಗೆ ಸುಮ್ಮನಾಗಿಸಬೇಕು, ಊಹೂಂ, ಅದೊಂದೂ ಬೇಡ. ದೆವ್ವ ಬೇಕು. "ಹೋಗ್ರೇ, ಮೊದ್ಲು ರೋಗೀನ ನಿಲ್ಲಿಸಿ ಬಿ.ಪಿ. ನೋಡೋದು ಕಲೀರಿ" ಎಂದು ಗದರಿ ಕಳಿಸುತ್ತೇನೆ. ಅವರು ಕಿಸಕ್ಕೆಂದು ನಕ್ಕು ಹೋಗುತ್ತಾರೆ. ನಾನು ಅವರ ಪ್ರಶ್ನೆಗೇ ಉತ್ತರ ಕೊಟ್ಟೆ ಎಂದು ಅವರಿಗೆ ಗೊತ್ತಾಗುವುದಿಲ್ಲ. ಅದನ್ನೇ ಈಗ ಬಿಡಿಸಿ ಬರೆಯುತ್ತಿದ್ದೇನೆ.

ನನ್ನ ಹೆಸರು ಗಿರಿಜಮ್ಮ. ಹುಟ್ಟಿದ್ದು ಹಂದನಕೆರೆ ಕಡೆ, ಸಂಬಳ ತಿಂದದ್ದು ತಿಪಟೂರಿನ ಒಂದು ಆಸ್ಪತ್ರೆಯಲ್ಲಿ. ಮೊದಲು ವಾರ್ಡು, ಕೊನೆಯ ವರ್ಷಗಳಲ್ಲಿ ಕಣ್ಣಿನ ವಿಭಾಗ. ಬಡ್ತಿಯ ಕಥೆ ಬೇಡ ಬಿಡಿ, ಕೇಳುವವರಿಗೂ ನಿದ್ದೆ, ಹೇಳುವವಳಿಗೂ ನಿದ್ದೆ. ನಾನು ಸೇರಿದ ಕಾಲಕ್ಕೆ ಪೊರೆ ತೆಗೆದ ಕಣ್ಣಿಗೆ ಹೊಲಿಗೆ ಹಾಕುತ್ತಿದ್ದರು. ರೋಗಿ ತಲೆ ಅಲ್ಲಾಡಿಸದ ಹಾಗೆ ಕಿವಿಯ ಪಕ್ಕ ಮರಳಿನ ಚೀಲ ಒತ್ತಿ ಮಲಗಿಸುತ್ತಿದ್ದೆವು. ಈಗ ಬೆಳಿಗ್ಗೆ ಬಂದವರು ಮಧ್ಯಾಹ್ನ ಕಪ್ಪು ಕನ್ನಡಕ ಹಾಕಿಕೊಂಡು ಊರಿಗೆ ಹೊರಡುತ್ತಾರೆ. ವಿಧಾನವೆಲ್ಲ ಬದಲಾಯಿತು. ಬದಲಾಗದೆ ಉಳಿದದ್ದು ನಮ್ಮ ಸೀಮೆಯ ಗಂಡಸರ ನಾಚಿಕೆ ಒಂದೇ.

ಎಂಥ ನಾಚಿಕೆ ಅಂತೀರಾ? ಶುಗರ್ ಇದ್ದರೆ ಜಂಬದಿಂದ ಹೇಳುತ್ತಾರೆ. ಬಿ.ಪಿ. ಇದ್ದರಂತೂ ಮನೆಯವರ ಮೇಲೆ ರೇಗುವುದಕ್ಕೆ ಲೈಸೆನ್ಸು ಸಿಕ್ಕಿತು ಅಂತ. ಆದರೆ ಅರವತ್ತು ದಾಟಿದ ಗಂಡಸಿಗೆ ಮೂತ್ರ ಸಲೀಸಾಗಿ ಬರುತ್ತಿಲ್ಲ, ಪದೇ ಪದೇ ಏಳಬೇಕು, ನಿಂತರೂ ಹನಿ ಹನಿ ಎನ್ನುವುದನ್ನು ಹೆಂಡತಿಗೂ ಹೇಳುವುದಿಲ್ಲ, ಇನ್ನು ಸೀರೆ ಉಟ್ಟ ನರ್ಸಿಗೆ ಹೇಳಿಯಾರೇ! ವಯಸ್ಸಾದಂತೆ ಪ್ರಾಸ್ಟೇಟ್ ಎನ್ನುವ ಗ್ರಂಥಿ ದಪ್ಪವಾಗಿ ಮೂತ್ರದ ದಾರಿಯನ್ನು ಒತ್ತುತ್ತದೆ, ಅಷ್ಟೇ. ಕೂದಲು ನೆರೆತಷ್ಟೇ ಸಹಜ. ಅದಕ್ಕೆ ಮಾತ್ರೆ ಇದೆ, ಒಳ್ಳೆಯ ಮಾತ್ರೆ. ಡಾಕ್ಟರ ಉಸ್ತುವಾರಿಯಲ್ಲಿ ವರ್ಷಗಟ್ಟಲೆ ತೆಗೆದುಕೊಂಡು ಚೆನ್ನಾಗಿರುವವರು ಎಷ್ಟೋ ಜನ. ಆದರೆ ಕದ್ದು ನುಂಗಿದರೆ? ತಿಪಟೂರು ಸೀಮೆಯ ಗಂಡಸರ ಜೇಬಿನಲ್ಲಿರುವ ಗ್ಯಾಸ್ ಮಾತ್ರೆಗಳಲ್ಲಿ ಅರ್ಧಕ್ಕರ್ಧ ಗ್ಯಾಸಿಗಲ್ಲ. ಇದು ನನ್ನ ಅಂದಾಜು, ಬೇಕಾದರೆ ಜಗಳಕ್ಕೆ ಬನ್ನಿ.

ನನಗೆ ಕೆಲಸ ಕಲಿಸಿದ ಹಿರಿಯ ಸಿಸ್ಟರ್ ಒಬ್ಬರಿದ್ದರು. ನಗು ಎಂದರೇನು ಎಂದು ಗೊತ್ತಿಲ್ಲದ ಹೆಂಗಸು. ಹಾಸಿಗೆ ಬಟ್ಟೆಯ ಮೂಲೆ ಸೊಟ್ಟಗಿದ್ದರೆ ರೋಗಿಯನ್ನೇ ಎಬ್ಬಿಸಿ ನನ್ನಿಂದ ಮತ್ತೆ ಹಾಸಿಸುತ್ತಿದ್ದರು. ಅವರು ಒಮ್ಮೆ ಹೇಳಿದ್ದು: "ಕಾಯಿಲೆ ಏನು ಅಂತ ಕೇಳಬೇಡ ಗಿರಿಜಾ, ಸುಳ್ಳು ಹೇಳ್ತಾರೆ. ದಿನಾ ಬಾಯಿಗೆ ಏನು ಹಾಕ್ಕೋತೀಯ ಅಂತ ಕೇಳು. ಅದಕ್ಕೂ ಸುಳ್ಳು ಹೇಳ್ತಾರೆ, ಆದರೆ ಆಗ ಮುಖ ನೋಡು." ಆ ಮಾತು ನೆನಪಿಟ್ಟುಕೊಂಡೇ ಇಷ್ಟು ವರ್ಷ ಬದುಕಿದೆ. ಹಾಗಿದ್ದೂ ನಂಜುಂಡಪ್ಪನವರ ಮುಖ ನನಗೆ ಓದಲು ಬರಲಿಲ್ಲ. ಏಕೆಂದರೆ ಆ ಮುಖದ ತುಂಬ ಹೆದರಿಕೆ ಇತ್ತು, ಬೇರೆ ಯಾವುದಕ್ಕೂ ಜಾಗವಿರಲಿಲ್ಲ.

ಅವರನ್ನು ಮೊದಲು ನೋಡಿದ್ದು ಒಂದು ಕೊಬ್ಬರಿ ಮಾರುಕಟ್ಟೆಯ ದಿನ. ಸಂಪಿಗೆ ಎಂಬ ಊರಿನ ಹತ್ತಿರದ ಹಳ್ಳಿಯವರು. ಹಣೆ ಸೀಳಿತ್ತು, ಅಂಗಿಯೆಲ್ಲ ರಕ್ತ. ಜೊತೆಗೆ ಹೆಂಡತಿ ಶಾಂತಮ್ಮ. ನಾನು ಗಾಯ ತೊಳೆಯುತ್ತಾ, "ಏನಾಯ್ತು ಯಜಮಾನ್ರೇ?" ಎಂದೆ.

"ಅಟ್ಟದಿಂದ ಬಿದ್ದೆ ಕಣವ್ವಾ."

"ಹೆಂಗ್ ಬಿದ್ರಿ?"

"ಬೀಳಲಿಲ್ಲ. ಬೀಳಿಸ್ದ."

"ಯಾರು?"

ಅವರು ಬಾಗಿಲ ಕಡೆ ನೋಡಿದರು. ಶಾಂತಮ್ಮನೇ ಬಾಯಿ ಬಿಟ್ಟಳು. "ಇವರಣ್ಣ ಕಣ್ರೀ, ಚನ್ನಬಸಪ್ಪ ಭಾವ. ಅದೇ ಅಟ್ಟದ ಮೇಲಿಂದ ಬಿದ್ದು ಜೀವ ಹೋಯ್ತು. ಅವತ್ತೂ ಮಾರ್ಕೆಟ್ ದಿನವೇ. ಈಗ ಇವರನ್ನ ಕರೀತಾವ್ರೆ."

ನಮ್ಮ ಕಡೆ ಉಂಡೆ ಕೊಬ್ಬರಿ ಮಾಡುವ ಬಗೆ ಹೊರಗಿನವರಿಗೆ ಗೊತ್ತಿರಲಾರದು. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಮನೆಯ ಅಟ್ಟಕ್ಕೆ ಹಾಕುತ್ತಾರೆ. ಹೆಚ್ಚುಕಡಿಮೆ ಒಂದು ವರ್ಷ ಕತ್ತಲಲ್ಲೇ ಇರುತ್ತದೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಒಂದು ಉಂಡೆಯಾಗುತ್ತದೆ. ಅಲ್ಲಾಡಿಸಿದರೆ ಒಳಗೆ ಅದು ಗುಡುಗುಡು ಹೊರಳುತ್ತದೆ. ನಂಜುಂಡಪ್ಪನವರ ಮನೆಯಲ್ಲಿ ಒಂದು ಪದ್ಧತಿ. ಮಾರುಕಟ್ಟೆಗೆ ಹೊರಡುವ ಬೆಳಿಗ್ಗೆ ಯಜಮಾನ ಹೊಟ್ಟೆಗೆ ಏನೂ ಹಾಕದೆ ಅಟ್ಟ ಹತ್ತಬೇಕು, ಕುಕ್ಕರಗಾಲಲ್ಲಿ ಕೂತು ಅಲ್ಲೊಂದು ಇಲ್ಲೊಂದು ಕಾಯಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಕೇಳಬೇಕು. ಮುಂದಿನ ಮಾಲು ಹೇಗೆ ಬರುತ್ತದೆ ಎಂದು ತಿಳಿದುಕೊಂಡರೆ ಇವತ್ತು ಯಾವ ರೇಟಿಗೆ ಒಪ್ಪಬೇಕು ಎಂಬುದು ತಿಳಿಯುತ್ತದಂತೆ. ಅದಾದ ಮೇಲೆಯೇ ತಿಂಡಿ. ಅಪ್ಪ ಮಾಡಿದ್ದು, ಅಣ್ಣ ಮಾಡಿದ್ದು, ಈಗ ಇವರು.

"ಕಾಯಿ ಕೇಳಿ ಏಳ್ತೀನಿ ಕಣವ್ವಾ, ಎದ್ದೇಟಿಗೆ ಸುತ್ತಲೂ ಕಪ್ಪಾಯ್ತದೆ. ಕಿವೀಲಿ ಗುಂಯ್ ಅಂತದೆ. ಯಾರೋ ಹಿಂದೆ ನಿಂತಂಗೆ. ಏಣಿ ಮೇಲೆ ಕಾಲಿಡಕ್ಕೋದ್ರೆ ಕೆಳಗಿಂದ ಒಂದು ಕೈ ಬಂದು ಕಾಲು ಹಿಡ್ಕತದೆ. ಐಸು ಮುಟ್ಟಿದಂಗೆ, ಅಷ್ಟು ತಣ್ಣಗೆ."

"ಇವತ್ತೂ ಹಿಡೀತಾ?"

ಅವರು ಯೋಚಿಸಿದರು. "ಇಲ್ಲ. ಇವತ್ತು ಕೈ ಬರಲಿಲ್ಲ. ಇವತ್ತು ಒಂದೇ ಸಲ ತಳ್ಳಿಬುಟ್ಟ."

ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಒಳಗೆ ಬಿದ್ದಿತ್ತು, ಹೊರಗೆ ಯಾರೋ ಎಳನೀರು ಕೊಚ್ಚುತ್ತಿದ್ದರು. ಆದರೂ ನಾನೊಮ್ಮೆ ಬಾಗಿಲ ಕಡೆ ನೋಡಿದೆ. ಮಲಗಿಸಿಯೇ ಬಿ.ಪಿ. ನೋಡಿದೆವು, ಸರಿಯಾಗಿತ್ತು. "ದಿನಾ ಏನಾದ್ರೂ ಮಾತ್ರೆ ತಗೋತೀರಾ?" ಎಂದೆ. "ಗ್ಯಾಸಿಂದು ಬುಟ್ರೆ ಏನೂ ಇಲ್ಲ" ಎಂದರು.

ಶಾಂತಮ್ಮ ನನ್ನನ್ನು ಬಾಗಿಲಾಚೆ ಕರೆದಳು. "ಇದೆಲ್ಲಾ ನಮ್ಮಕ್ಕನ ಕೆಲಸ ಕಣ್ರೀ. ಭಾವನ ಹೆಂಡ್ತಿ, ಪಾರ್ವತಕ್ಕ. ಭಾವ ಸತ್ತಾಗ ಏಣಿ ಹತ್ರ ಇದ್ದೋಳು ಅವಳೊಬ್ಬಳೇ. ಏಣಿ ಸರಿಸಿದ್ಲು ಅಂತ ಊರೇ ಆಡ್ಕಂತು. ಅವತ್ತಿಂದ ಆ ಅಟ್ಟದ ಕೋಣೆಗೆ ಕಾಲಿಡಬ್ಯಾಡ ಅಂತ ಕಟ್ಟಪ್ಪಣೆ ಮಾಡೀವಿ. ಅವಳು ಮನೇಲಿರೋವರ್ಗೂ ಭಾವನ ಆತ್ಮ ಹೋಗಲ್ಲ. ನೋಡ್ರಿ, ನಿನ್ನೆ ತವರಿಗೆ ಹೋದ್ಲು, ಇವತ್ತು ಇವರು ಬಿದ್ರು. ಹಿಂದೆ ಮಂಡಿ ತರಚ್ಕಂಡಾಗ್ಲೂ ಹಂಗೇ, ಅವಳು ಊರಲ್ಲಿರಲಿಲ್ಲ. ಏನೋ ಮಾಡಿಟ್ಟು, ತನ್ನ ಮೇಲೆ ಬರಬಾರದು ಅಂತ ದೂರ ಹೋಗಿ ಕೂತ್ಕತಾಳೆ."

"ಬುಡಿ ತಾಯಿ, ಹಂಗೆಲ್ಲಾ ಅನ್ನಬ್ಯಾಡಿ" ಎಂದೆ ನಾನು. ಹೊಲಿಗೆ ಹಾಕಿ ಕಳಿಸಿದೆವು.

ಸ್ವಲ್ಪ ಕಾಲ ಕಳೆದು ಅವರ ಊರಿನ ಶಾಲೆಯಲ್ಲಿ ಕಣ್ಣಿನ ತಪಾಸಣೆ ಇಟ್ಟುಕೊಂಡಿದ್ದೆವು. ಸಾಲಿನಲ್ಲಿ ನಂಜುಂಡಪ್ಪ ನಿಂತಿದ್ದರು. ಎರಡೂ ಕಣ್ಣಿಗೆ ಪೊರೆ, ಬಲಗಣ್ಣು ಹೆಚ್ಚು ಬಲಿತಿತ್ತು. ಎದುರಿಗೆ ನಿಂತವರ ಮುಖವೂ ಸರಿಯಾಗಿ ಕಾಣದು. ಆಪರೇಷನ್ನಿಗೆ ಹೆಸರು ಬರೆದುಕೊಂಡು ಮಾಮೂಲಿನಂತೆ ಮಾತ್ರೆ ವಿಷಯ ಕೇಳಿದೆವು. ಮತ್ತೆ ಅದೇ ಗ್ಯಾಸು. ಕೆಲಸ ಮುಗಿದ ಮೇಲೆ "ಮನೆಗೆ ಬಂದು ಕಾಫಿ ಕುಡ್ಕಂಡ್ ಹೋಗ್ರವ್ವಾ" ಎಂದು ಬಲವಂತ ಮಾಡಿದರು. ನನಗೂ ಆ ಅಟ್ಟ ನೋಡುವ ಚಪಲ. ಹೋದೆ.

ಹಳೆಯ ಮನೆ, ಗಟ್ಟಿ ಗೋಡೆ. ನಡುಮನೆಯಿಂದ ಒಂದು ಗಿಡ್ಡ ಬಾಗಿಲು ದಾಟಿದರೆ ಅಟ್ಟದ ಕೋಣೆ. ಹೊರಗಿನ ಬೆಳಕಿನಿಂದ ಒಳಗೆ ಬಂದರೆ ಕಣ್ಣಿಗೆ ಏನೂ ಕಾಣುವುದಿಲ್ಲ. ಹಿತ್ತಲ ಕಡೆಗೆ ಇನ್ನೊಂದು ಬಾಗಿಲು, ಅದಕ್ಕೆ ಗೋಣಿಚೀಲದ ಪರದೆ. ನಾನು ಮೊಬೈಲ್ ಟಾರ್ಚ್ ಹಾಕಿ ಏಣಿಯ ಹತ್ತಿರ ನಿಂತೆ. ಮೇಲೆ ಹಲಗೆಗಳ ಸಂದಿಯಲ್ಲಿ ಕಾಯಿಗಳು ಒಂದರ ಪಕ್ಕ ಒಂದು, ತಲೆಗಳ ಹಾಗೆ. ಯಾರೂ ಮುಟ್ಟದಿದ್ದರೂ ಎಲ್ಲೋ ಒಂದು ಕಾಯಿ ಜರುಗಿ ಗುಡುಗುಡು ಎಂದಿತು. ಮತ್ತೆ ನಿಶ್ಶಬ್ದ. ಅವು ಹಾಗೆ ಜರುಗುವುದು ಸಹಜ ಎಂದು ನನಗೂ ಗೊತ್ತು, ನಾನೂ ಇದೇ ಸೀಮೆಯಲ್ಲಿ ಹುಟ್ಟಿದವಳು.

ನಂಜುಂಡಪ್ಪನವರು ನಡುಮನೆಯಲ್ಲಿ ನಮ್ಮ ಡ್ರೈವರ್ ಜೊತೆ ಮಾತಾಡುತ್ತಿದ್ದರು. ನಾಲ್ಕೈದು ಮೆಟ್ಟಿಲು ಹತ್ತಿ ಅಟ್ಟದೊಳಗೆ ತಲೆ ತೂರಿಸಿ ನೋಡಿದೆ. ಕತ್ತಲು, ಒಣಗಿದ ಕೊಬ್ಬರಿಯ ವಾಸನೆ, ಜೇಡರ ಬಲೆ. ಇಳಿಯೋಣ ಎಂದು ಎಡಗಾಲು ಕೆಳಗೆ ಬಿಟ್ಟೆ. ಮೆಟ್ಟಿಲು ಸಿಗಲಿಲ್ಲ, ಜಾರಿತು. ಆಗ ಒಂದು ಕೈ ನನ್ನ ಕಾಲಿನ ಗಿಣ್ಣನ್ನು ಹಿಡಿದುಕೊಂಡಿತು.

ಗಟ್ಟಿಯಾಗಿ, ಬೆಚ್ಚಗೆ. ಹಿಡಿದು ಪಾದವನ್ನು ಮೆಟ್ಟಿಲ ಮೇಲೆ ಇಟ್ಟಿತು.

"ಅಯ್ಯಯ್ಯೋ!" ಎಂದು ಕಿರುಚಿ ಧೊಪ್ಪೆಂದು ಕೆಳಗೆ ಬಂದೆ. ಮೊಬೈಲು ಬಿತ್ತು. ಎತ್ತಿಕೊಂಡು ಬೆಳಕು ಹಿಡಿದರೆ ಯಾರೂ ಇಲ್ಲ. ಗೋಣಿ ಪರದೆ ಮಾತ್ರ ಮೆಲ್ಲಗೆ ಅಲ್ಲಾಡುತ್ತಿತ್ತು. ಗಾಳಿಯೋ ಏನೋ. ಎಷ್ಟೋ ಹೆಣ ನೋಡಿದವಳು ನಾನು, ತೊಳೆದು ಕಟ್ಟಿ ಕಳಿಸಿದವಳು. ಅವತ್ತು ಗೋಡೆಗೆ ಬೆನ್ನು ಕೊಟ್ಟು ನಿಂತುಬಿಟ್ಟೆ. ಡ್ರೈವರ್ ಓಡಿ ಬಂದ. "ಏನಿಲ್ಲ, ಇಲಿ" ಎಂದೆ. ಗಂಡಸರು ಗ್ಯಾಸ್ ಎನ್ನುವಂತೆ ನಾನು ಇಲಿ ಎಂದೆ.

ಜಗಲಿಯಲ್ಲಿ ಕೂತಾಗ ಪಾರ್ವತಮ್ಮ ಕಾಫಿ ತಂದರು. ಬಿಳಿ ಸೀರೆಯ ಸಣ್ಣ ಹೆಂಗಸು, ತಟ್ಟೆ ಹಿಡಿದ ಕೈಯಲ್ಲಿ ನರಗಳು ಎದ್ದಿದ್ದವು. ಶಾಂತಮ್ಮ ಅವರ ಎದುರಿಗೇ ಹೇಳಿದಳು: "ಆಪರೇಷನ್ ದಿನಕ್ಕೆ ಪಾರ್ವತಕ್ಕನ್ನ ತವರಿಗೆ ಕಳಿಸ್ತಾ ಇದೀವಿ ಸಿಸ್ಟ್ರೇ. ಪೂರ್ತಿ ಕಳಿಸೋದೇ. ಇವರು ಹೊಸ ಕಣ್ಣು ಬಿಟ್ಟಾಗ ಮೊದ್ಲು ಅವಳ ಮುಖ ಬೀಳಬಾರದು."

ತವರು ಎಂದರೆ ತಮ್ಮನ ಮನೆ. ಅವನಿಗೇ ಹಾಸಿಗೆ ಹಿಡಿದ ಕಾಯಿಲೆ, ಅವನ ಹೆಂಡತಿಗೆ ಈಕೆ ಬೇಡ. ಮದುವೆಯಾಗಿ ಬಂದಾಗಿನಿಂದ ಬದುಕೆಲ್ಲ ಸವೆಸಿದ ಮನೆಯಿಂದ, ಗಂಡನನ್ನು ಕೊಂದವಳೆಂಬ ಹೆಸರು ಹೊತ್ತು ಆಕೆ ಎಲ್ಲಿಗೆ ಹೋಗಬೇಕು? ನಡುವೆ ಬಾಯಿ ಹಾಕೋಣ ಎನ್ನಿಸಿತು, ಆದರೆ ಬೇರೆಯವರ ಮನೆ ವಿಷಯ. ಶಾಂತಮ್ಮ ಒಳಗೆ ಹೋದಾಗ ಪಾರ್ವತಮ್ಮ ನನ್ನ ಮಣಿಕಟ್ಟು ಹಿಡಿದುಕೊಂಡರು. ಮಡಕೆಯ ನೀರಿನಂತೆ ತಣ್ಣಗಿನ ಬೆರಳು.

"ನೀವಾದ್ರೂ ಹೇಳ್ರವ್ವಾ. ನನ್ನ ಕಳಿಸಬ್ಯಾಡ ಅನ್ರಿ. ನಾ ಹೋದ್ರೆ ನಂಜುಂಡ ಬೀಳ್ತಾನೆ. ನಾ ಇಲ್ಲದ ದಿನ ಬಿದ್ದೇ ಬೀಳ್ತಾನೆ."

ಅದು ಶಾಪವೋ, ಬೆದರಿಕೆಯೋ, ಬೇಡಿಕೆಯೋ ತಿಳಿಯಲಿಲ್ಲ. ಆಕೆಯ ಕಣ್ಣು ರೆಪ್ಪೆ ಬಡಿಯಲಿಲ್ಲ. ನಾನು ಕೈ ಬಿಡಿಸಿಕೊಂಡು ವ್ಯಾನು ಹತ್ತಿದೆ. ದಾರಿಯುದ್ದಕ್ಕೂ ಎಡಗಾಲನ್ನು ಸೀಟಿನ ಮೇಲೆ ಎತ್ತಿಟ್ಟುಕೊಂಡೇ ಕೂತಿದ್ದೆ.

ಆಪರೇಷನ್ ದಿನ ಬಂತು. ನಮ್ಮ ಡಾಕ್ಟರ್ ಮೇಡಂ ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಕೈ ಬಹಳ ಶುದ್ಧ. ಥಿಯೇಟರಿನಲ್ಲಿ ಗಟ್ಟಿಯಾಗಿ ಉಸಿರಾಡಿದರೂ ತಿರುಗಿ ನೋಡುವ ಜಾತಿ. ನಂಜುಂಡಪ್ಪನವರ ಮುಖಕ್ಕೆಲ್ಲ ಹಸಿರು ಬಟ್ಟೆ ಹೊದಿಸಿ ಒಂದು ಕಣ್ಣು ಮಾತ್ರ ತೆರೆದಿಟ್ಟಿದ್ದೆವು. ಗೋಡೆಯ ಟಿ.ವಿ. ಪರದೆಯ ಮೇಲೆ ಆ ಕಣ್ಣು ತಟ್ಟೆಯಗಲ ಕಾಣುತ್ತಿತ್ತು. ಕಣ್ಣಿನ ನಡುವೆ ಕಪ್ಪು ಕಿಂಡಿ, ಅದರ ಸುತ್ತ ಕಂದು ಬಣ್ಣದ ತೆಳು ಪರದೆ ಇರುತ್ತದೆಯಲ್ಲ, ಔಷಧ ಬಿಟ್ಟರೆ ಆ ಕಿಂಡಿ ಅಗಲವಾಗಿ ತೆರೆದುಕೊಳ್ಳಬೇಕು. ಇವರದು ಎಷ್ಟು ಹನಿ ಹಾಕಿದರೂ ಅರೆಮನಸ್ಸಿನಿಂದ ತೆರೆದಿತ್ತು. ಡಾಕ್ಟರ್ ಸಣ್ಣ ಗಾಯ ಮಾಡಿ ಒಳಗೆ ನೀರು ಬಿಟ್ಟರು.

ಕಂದು ಪರದೆ ಅಲ್ಲಾಡತೊಡಗಿತು.

ತಂತಿಯ ಮೇಲೆ ಒಣಹಾಕಿದ ಬಟ್ಟೆ ಗಾಳಿಗೆ ಅಲೆಯುವ ಹಾಗೆ. ಉಬ್ಬಿತು, ಇಳಿಯಿತು, ಮತ್ತೆ ಉಬ್ಬಿತು. ಆಮೇಲೆ ಅದರ ಅಂಚು ಗಾಯದ ಬಾಯಿಯ ಹತ್ತಿರ ಬಂದು, ಹೊರಗೆ ಬರಲೋ ಎಂದು ನೋಡಿತು. ಕಪ್ಪು ಕಿಂಡಿ ನಮ್ಮ ಕಣ್ಣೆದುರೇ ಚಿಕ್ಕದಾಗುತ್ತಾ ಬಂತು. ಅಷ್ಟು ಕಣ್ಣು ನೋಡಿದ್ದೆ, ಅಂಥದ್ದನ್ನು ನೋಡಿರಲಿಲ್ಲ. ಒಳಗೆ ಏನೋ ಜೀವವಿದೆ ಎನ್ನಿಸಿತು.

ಡಾಕ್ಟರ್ ಕೈ ನಿಲ್ಲಿಸಿದರು. ದನಿ ಎತ್ತದೆ ಕೇಳಿದರು: "ಯಜಮಾನ್ರೇ, ಅಲ್ಲಾಡಬೇಡಿ. ಮೂತ್ರ ಸಲೀಸಾಗಲಿ ಅಂತ ಮಾತ್ರೆ ಏನಾದರೂ ತಗೋತೀರಾ?"

ಹಸಿರು ಬಟ್ಟೆಯ ಕೆಳಗಿನಿಂದ ಏನೂ ಬರಲಿಲ್ಲ.

"ನಾಚಿಕೊಳ್ಳಬೇಡಿ. ನಿಮ್ಮ ಕಣ್ಣೇ ಹೇಳ್ತಾ ಇದೆ."

"ಹ್ಞೂಂ ಕಣವ್ವಾ" ಎಂದಿತು ಬಟ್ಟೆ.

"ಯಾವ ಡಾಕ್ಟರು ಬರೆದುಕೊಟ್ಟರು?"

"ಡಾಕ್ಟ್ರಲ್ಲ. ನಮ್ಮಣ್ಣ ಕೊಟ್ಟ."

"ಅವರನ್ನೇ ಕೇಳೋಣ ಯಾವ ಮಾತ್ರೆ ಅಂತ. ಹೊರಗಿದ್ದಾರಾ?"

"ಅವನಿಲ್ಲ ಕಣವ್ವಾ. ಸತ್ತೋದ. ಸತ್ತ ಮೇಲೆ ಕೊಟ್ಟಿದ್ದು."

ಉಪಕರಣ ಕೊಡುತ್ತಿದ್ದ ನನ್ನ ಕೈ ಗಾಳಿಯಲ್ಲೇ ನಿಂತಿತು. ಡಾಕ್ಟರ್ ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ಸಣ್ಣ ಕೊಕ್ಕೆಗಳನ್ನು ಕೇಳಿ, ಅವುಗಳಿಂದ ಆ ಪರದೆಯನ್ನು ನಾಲ್ಕು ಕಡೆ ಎಳೆದು ಹಿಡಿದು, ಬೆವರು ಸುರಿಸಿ ಕೆಲಸ ಮುಗಿಸಿದರು. ಮಸೂರ ಸರಿಯಾಗಿ ಕೂತಿತು. ದೇವರು ದೊಡ್ಡವನು, ಕಣ್ಣು ಉಳಿಯಿತು. ಮೊದಲೇ ಗೊತ್ತಿದ್ದರೆ ಡಾಕ್ಟರ್ ಸಿದ್ಧವಾಗಿ ಬರುತ್ತಿದ್ದರು, ಅಷ್ಟೇ. ಕಣ್ಣಿಗೆ ಕೈ ಹಾಕುವ ಮುನ್ನ ಈ ಮಾತ್ರೆಯ ವಿಷಯ ತಿಳಿದಿರಬೇಕು, ಹಿಂದೆಂದೋ ತೆಗೆದುಕೊಂಡು ಬಿಟ್ಟಿದ್ದರೂ ಹೇಳಬೇಕು ಎಂದು ಆಮೇಲೆ ನಮ್ಮನ್ನೆಲ್ಲ ಕೂರಿಸಿಕೊಂಡು ಹೇಳಿದರು.

ಕಟ್ಟು ಹಾಕಿ ಹೊರಗೆ ಕೂರಿಸಿದ ಮೇಲೆ ನಂಜುಂಡಪ್ಪ ಎಲ್ಲ ಹೇಳಿದರು. ಅಣ್ಣನಿಗೂ ಅದೇ ತೊಂದರೆಯಿತ್ತು, ತಮ್ಮನಿಗೆ ಮಾತ್ರ ಹೇಳಿಕೊಂಡಿದ್ದ. ಅವನು ಯಾವುದೋ ಊರಿನ ಡಾಕ್ಟರ ಹತ್ತಿರ ಹೋಗಿ ಮಾತ್ರೆ ತಂದಿದ್ದ. ತಿಥಿಯಾದ ಮೇಲೆ ಏಣಿಯ ಪಕ್ಕದ ಮೊಳೆಗೆ ತೂಗುಹಾಕಿದ್ದ ಅಣ್ಣನ ಕೋಟಿನ ಜೇಬಿನಲ್ಲಿ ಅವು ಸಿಕ್ಕವು. "ನಂಗೂ ಆಗ ಶುರುವಾಗಿತ್ತು. ಅಣ್ಣ ನಂಗೇ ಬಿಟ್ಟೋಗವ್ನೆ ಅಂದ್ಕಂಡೆ. ಖಾಲಿ ಮಾತ್ರೆ ಹಾಳೆ ತೋರಿಸಿದ್ರೆ ಅಂಗಡೀಲಿ ಹೊಸದು ಕೊಟ್ರು. ಅಲ್ಲಿಂದ ಇಲ್ಲೀವರ್ಗೂ ಅದೇ."

"ಯಾವಾಗ ತಗೋತೀರಿ?"

"ಮಾರ್ಕೆಟ್ ದಿನ ಎರಡು. ಎದ್ದೇಟಿಗೇ, ಖಾಲಿ ಹೊಟ್ಟೇಲಿ. ಅಲ್ಲಿ ಕೊಬ್ಬರಿ ಗುಡ್ಡೆ ಮ್ಯಾಲೆ ರೇಟು ಕೂಗೋವಾಗ ಎದ್ದೆದ್ದು ಹೋಗಕ್ಕಾಯ್ತದಾ? ಮಿಕ್ಕ ದಿನ ನೆನಪಾದ್ರೆ ಒಂದು, ಇಲ್ದಿದ್ರೆ ಇಲ್ಲ. ಅಣ್ಣನೂ ಹಂಗೇ ಮಾಡ್ತಿದ್ದ. ಇವತ್ತು ಆಪರೇಷನ್ ಮಧ್ಯ ಬಂದ್ರೆ ಏನ್ಗತಿ ಅಂತ ಎರಡು ನುಂಗ್ಕಂಡೇ ಬಂದೆ."

ಡಾಕ್ಟರ್ ತಲೆಯ ಮೇಲೆ ಕೈ ಇಟ್ಟುಕೊಂಡರು. ಆ ಮಾತ್ರೆ ಊಟವಾದ ಮೇಲೆ ದಿನಾ ಒಂದೇ ಹೊತ್ತಿಗೆ ತೆಗೆದುಕೊಳ್ಳಬೇಕಾದ್ದು. ಮೂತ್ರದ ದಾರಿಯ ಸ್ನಾಯುವನ್ನು ಸಡಿಲ ಮಾಡುವುದೇ ಅದರ ಕೆಲಸ, ಆದರೆ ಅದು ಅಲ್ಲಿಗೇ ನಿಲ್ಲುವುದಿಲ್ಲ. ರಕ್ತನಾಳವನ್ನೂ ಸಡಿಲಿಸುತ್ತದೆ, ಕಣ್ಣಿನ ಆ ಪರದೆಯನ್ನೂ. "ಗಿರಿಜಮ್ಮ, ಮಲಗಿಸಿ ಬಿ.ಪಿ. ನೋಡಿ. ಆಮೇಲೆ ನಿಲ್ಲಿಸಿ ನೋಡಿ" ಎಂದರು.

ಮಲಗಿದಾಗ ಸರಿಯಿತ್ತು. ನಿಲ್ಲಿಸಿದೆ. ಮುಳ್ಳು ಇಳಿಯಿತು, ಇನ್ನೂ ಇಳಿಯಿತು. ನಂಜುಂಡಪ್ಪನವರ ಮುಖ ಬಿಳಿಚಿ, ಮೇಜಿನ ಅಂಚು ಹಿಡಿದುಕೊಂಡರು. ತೆರೆದಿದ್ದ ಒಂದು ಕಣ್ಣು ನನ್ನ ಹೆಗಲಿನಾಚೆ ಏನನ್ನೋ ನೋಡುತ್ತಿತ್ತು.

"ಬಂದ" ಎಂದರು ಪಿಸುಮಾತಿನಲ್ಲಿ. "ಬಂದ ಕಣವ್ವಾ. ಹಿಂದೆ ನಿಂತವ್ನೆ."

ನಾನು ತಿರುಗಿ ನೋಡಿದೆನೋ ಇಲ್ಲವೋ ಕೇಳಬೇಡಿ. ನೋಡಿದೆ. ಗೋಡೆಯಲ್ಲಿ ಕ್ಯಾಲೆಂಡರ್ ಇತ್ತು.

"ಯಾರೂ ಬಂದಿಲ್ಲ, ನಿಮ್ಮ ರಕ್ತ ಕಾಲಿಗಿಳಿದಿದೆ, ತಲೆಗೆ ಸಾಲ್ತಿಲ್ಲ, ಅಷ್ಟೇ" ಎಂದು ಡಾಕ್ಟರ್ ಅವರನ್ನು ಮಲಗಿಸಿದರು. ಮಾತ್ರೆ ಕೆಟ್ಟದ್ದಲ್ಲ, ತೆಗೆದುಕೊಂಡ ಬಗೆ ಕೆಟ್ಟದ್ದು ಎಂದು ಬಿಡಿಸಿ ಹೇಳಿದರು. ಮೂತ್ರದ ಡಾಕ್ಟರಿಗೆ ತೋರಿಸಿ, ನಿಮಗೆ ಯಾವುದು ಎಷ್ಟು ಬೇಕು ಎಂದು ಅವರು ಹೇಳಲಿ, ವರ್ಷಕ್ಕೊಮ್ಮೆಯಾದರೂ ತೋರಿಸುತ್ತಿರಿ, ಅಟ್ಟ ಹತ್ತಬೇಡಿ ಎಂದರು. ನಂಜುಂಡಪ್ಪ ಮೇಲೆ ನೋಡುತ್ತಾ ಮಲಗಿದ್ದರು.

"ಹಂಗಾದ್ರೆ ಅಣ್ಣ ಬಿದ್ದದ್ದೂ ಇದಕ್ಕೇನಾ?"

"ಸತ್ತವರ ಬಿ.ಪಿ. ನಾನು ನೋಡಲಾರೆ. ಆದರೆ ಇರಬಹುದು ಯಜಮಾನ್ರೇ, ಬಹಳ ಮಟ್ಟಿಗೆ ಇರಬಹುದು."

ಅವರ ಕಣ್ಣಲ್ಲಿ ನೀರು ತುಂಬಿತು. ಅಳಬೇಡಿ, ಕಣ್ಣಿಗಾಗದು ಎಂದೆ. ಅವರು ನನ್ನ ಕಡೆ ತಿರುಗಿದರು. "ಕಪ್ಪಾಗೋದು ಮಾತ್ರೇನೇ ಇರ್ಲಿ. ಕಾಲು ಹಿಡೀತಲ್ಲ, ಅದು? ಮಾತ್ರೆಗೆ ಕೈ ಇರ್ತದೇನವ್ವಾ?"

ಡಾಕ್ಟರ್ ಮೂತ್ರದ ಡಾಕ್ಟರಿಗೆ ಚೀಟಿ ಬರೆಯತೊಡಗಿದರು. ನಾನು ಬಗ್ಗಿ ನನ್ನ ಎಡಗಾಲು ನೋಡಿಕೊಂಡೆ.

ಮಧ್ಯಾಹ್ನ ವ್ಯಾನಿನಲ್ಲಿ ರೋಗಿಗಳನ್ನು ಅವರವರ ಊರಿಗೆ ಬಿಡಲು ನಾನೂ ಹೋದೆ. ನಂಜುಂಡಪ್ಪನವರನ್ನು ಜಗಲಿಯ ಮೇಲೆ ಕೂರಿಸಿದೆವು. ಕೆಳಗಿನ ಮೆಟ್ಟಿಲ ಮೇಲೆ ಪಾರ್ವತಮ್ಮ ಕೂತಿದ್ದರು, ಪಕ್ಕದಲ್ಲಿ ಬಟ್ಟೆ ಗಂಟು. ಮನೆಯ ಬೀಗದ ಕೈ ಒಪ್ಪಿಸುವುದಕ್ಕಾಗಿ ಕಾಯುತ್ತಿದ್ದರು. ಮೈದುನನಿಗೆ ಮುಖ ಕಾಣಬಾರದೆಂದು ಸೆರಗು ಮುಂದಕ್ಕೆಳೆದುಕೊಂಡು ರಸ್ತೆಯ ಕಡೆ ತಿರುಗಿದ್ದರು. ದೂರದಲ್ಲಿ ತುರುವೇಕೆರೆ ಬಸ್ಸಿನ ಹಾರ್ನ್ ಕೇಳಿತು. ಶಾಂತಮ್ಮ "ಹ್ಞೂಂ, ಬಂತು" ಎಂದಳು.

"ಅತ್ತಿಗೆ" ಎನ್ನುತ್ತಾ ನಂಜುಂಡಪ್ಪ ಎದ್ದು ನಿಂತರು. ನಾನು "ಮೆಲ್ಲಗೆ!" ಎನ್ನುವಷ್ಟರಲ್ಲಿ ಅವರ ಮೈ ತೂಗಿತು. ಜಗಲಿಯ ಅಂಚಿನಲ್ಲಿದ್ದರು, ಕೆಳಗೆ ಕಲ್ಲು ಚಪ್ಪಡಿ. ಪಾರ್ವತಮ್ಮ ತಿರುಗಿ ಕೂಡ ನೋಡಲಿಲ್ಲ. ಕೈ ಮಾತ್ರ ಹಿಂದಕ್ಕೆ ಹೋಗಿ ಅವರ ಕಾಲಿನ ಗಿಣ್ಣನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಅಷ್ಟರಲ್ಲಿ ನಾನು ಹೆಗಲು ಹಿಡಿದೆ.

ನಂಜುಂಡಪ್ಪ ಅಲ್ಲಾಡಲಿಲ್ಲ. ತಮ್ಮ ಕಾಲನ್ನೇ ನೋಡುತ್ತಿದ್ದರು.

"ಇದೇ ಕೈ" ಎಂದರು.

ಪಾರ್ವತಮ್ಮ ಬೆಂಕಿ ಮುಟ್ಟಿದವರಂತೆ ಕೈ ತೆಗೆದರು. "ತೆಗೀಬ್ಯಾಡಿ ಅತ್ತಿಗೆ" ಎಂದರು ಅವರು. "ಇದೇ ಕೈ. ಅಷ್ಟು ದಿನವೂ ನೀವೇನಾ?"

ಆಕೆ ಸೆರಗನ್ನು ಇನ್ನಷ್ಟು ಮುಂದಕ್ಕೆಳೆದುಕೊಂಡರು. ಆಮೇಲೆ ರಸ್ತೆಗೆ ಹೇಳುವಂತೆ ಹೇಳಿದರು: "ನಿಮ್ಮಣ್ಣ ಅವತ್ತು ಮ್ಯಾಲಿಂದ ಕೂಗಿದ್ರು ಕಣಪ್ಪ. ಪಾರ್ವತೀ, ಕಣ್ ಕತ್ಲೆ ಬತ್ತೈತೆ, ಏಣಿ ಹಿಡ್ಕಾ ಅಂತ. ಒಲೆ ಮೇಲೆ ಹಾಲಿತ್ತು. ಇಳಿಸಿ ಓಡಿದೆ. ಅಷ್ಟರಲ್ಲಿ ಬಿದ್ದಾಗಿತ್ತು. ಕೈಗೆ ಸಿಗಲಿಲ್ಲ. ಆಮೇಲೆ ನೀನೂ ಹತ್ತೋಕೆ ಶುರು ಮಾಡಿದೆ. ನೀನೂ ಏಣಿ ಹತ್ರ ಬಂದು ತೂಗಾಡ್ತಿದ್ದೆ. ಹಿತ್ತಲ ಬಾಗಿಲಿಂದ ಬಂದು ಕೆಳಗೆ ನಿಂತ್ಕಂತಿದ್ದೆ, ನಿನ್ನ ಕಾಲು ಮೆಟ್ಟಿಲ ಮ್ಯಾಲೆ ಕೂರಿಸಿ ಹೋಗ್ತಿದ್ದೆ. ನಿಂಗೆ ಕಣ್ಣು ಮಂಜು, ಕಾಣ್ತಿರಲಿಲ್ಲ."

"ಹೇಳಬಾರದಾಗಿತ್ತಾ?"

"ಹೇಳಿದ್ರೆ ಆ ಕೋಣೆಗೆ ಬುಡ್ತಿದ್ರಾ?"

ನಾನು ಶಾಂತಮ್ಮನ ಕಡೆ ತಿರುಗಿದೆ. ನನಗೆ ತಡೆಯಲಾಗಲಿಲ್ಲ. "ನೀವೇ ಹೇಳಿದ್ರಲ್ಲ ತಾಯಿ, ಬಿದ್ದ ದಿನವೆಲ್ಲ ಇವರು ಊರಲ್ಲಿರಲಿಲ್ಲ ಅಂತ. ಕೈ ಇದ್ದ ದಿನ ಯಜಮಾನ್ರು ಬೀಳಲಿಲ್ಲ. ಕೈ ಇಲ್ಲದ ದಿನ ಬಿದ್ರು. ಇಷ್ಟು ಕೂಡಿಸಕ್ಕೆ ನಮಗ್ಯಾರಿಗೂ ಬರಲಿಲ್ಲ ನೋಡಿ" ಎಂದೆ. ಬಸ್ಸು ಬಂದು ನಿಂತು, ಕಂಡಕ್ಟರ್ ಇಣುಕಿ ನೋಡಿ, ಯಾರೂ ಹತ್ತದ್ದರಿಂದ ಹೊರಟುಹೋಯಿತು. ಶಾಂತಮ್ಮ ಮೆಟ್ಟಿಲಿಳಿದು ಬಂದು ಬಟ್ಟೆ ಗಂಟನ್ನು ಎತ್ತಿಕೊಂಡು ಒಳಗೆ ಹೋದಳು. ಕ್ಷಮೆ ಗಿಮೆ ಏನೂ ಕೇಳಲಿಲ್ಲ. ಅಟ್ಟದ ಕೋಣೆಯ ಬಾಗಿಲು ತೆಗೆದ ಸದ್ದು ಮಾತ್ರ ಕೇಳಿತು. ಗಂಟನ್ನು ಅಲ್ಲಿಟ್ಟಳೋ ಏನೋ.

ನಿವೃತ್ತಿಯಾದ ಮೇಲೆ ಒಮ್ಮೆ ಸಂಪಿಗೆ ದೇವಸ್ಥಾನಕ್ಕೆ ಹೋದವಳು ಅವರ ಮನೆಗೂ ಹೋಗಿದ್ದೆ. ನಂಜುಂಡಪ್ಪ ಈಗ ಮೂತ್ರದ ಡಾಕ್ಟರು ಹೇಳಿದಂತೆ ರಾತ್ರಿ ಊಟವಾದ ಮೇಲೆ ಒಂದೇ ಮಾತ್ರೆ ತೆಗೆದುಕೊಳ್ಳುತ್ತಾರೆ, ಎಲ್ಲರೆದುರೇ ನುಂಗುತ್ತಾರೆ. ಹಾಸಿಗೆಯಿಂದ ಏಳುವ ಮೊದಲು ಕಾಲು ಇಳಿಬಿಟ್ಟು ಸ್ವಲ್ಪ ಕೂರುತ್ತಾರೆ. ಎಡಗಣ್ಣನ್ನೂ ಮಾಡಿಸಿಕೊಂಡರು. ಆ ಸಲ ಮೊದಲೇ ಹೇಳಿದ್ದರಿಂದ ಡಾಕ್ಟರ್ ಸಿದ್ಧವಾಗಿ ಬಂದಿದ್ದರು. ಅಟ್ಟ ಹತ್ತಲು ಆಳು ಇಟ್ಟಿದ್ದಾರೆ, ಏಣಿ ಹಿಡಿಯುವುದು ಪಾರ್ವತಮ್ಮ. ಬೇರೆ ಯಾರೂ ಹಿಡಿಯಕೂಡದಂತೆ, ಹಾಗೆಂದು ಶಾಂತಮ್ಮನೇ ಹೇಳಿದಳು.

ಕಾಫಿ ಕೊಟ್ಟು ಪಾರ್ವತಮ್ಮ ನನ್ನ ಪಕ್ಕ ಕೂತರು. ನಾನು ತಮಾಷೆಗೆ ಹೇಳಿದೆ: "ಅಲ್ರೀ, ಅವತ್ತು ಕಣ್ಣು ತಪಾಸಣೆ ದಿನ ನಾನು ಏಣಿ ಮೇಲಿದ್ದಾಗ ನನ್ನ ಕಾಲೂ ಹಿಡಿದಿರಲ್ಲ! ಎದೆ ನಿಂತೋಗಿತ್ತು ನಂಗೆ."

"ನಾನಾ?" ಎಂದರು ಆಕೆ. "ನಿಮಗೆ ಕಾಫಿ ಕಾಯಿಸ್ತಾ ಒಲೆ ಮುಂದಿದ್ದೆ ಕಣವ್ವಾ. ಶಾಂತ ನನ್ನ ಪಕ್ಕದಲ್ಲೇ ನಿಂತಿದ್ಲು. ನೀವು ಕಿರುಚಿದ್ದು ಅಡಿಗೆಮನೆಗೆ ಕೇಳಿಸ್ತು."

ಶಾಂತಮ್ಮ ಹೌದೆಂದು ತಲೆಯಾಡಿಸಿದಳು. ನಾನು ಕಾಫಿ ಲೋಟ ಕೆಳಗಿಟ್ಟೆ. ಪಾರ್ವತಮ್ಮ ನನ್ನ ಹತ್ತಿರ ಸರಿದು, ಆ ತಣ್ಣಗಿನ ಬೆರಳುಗಳಿಂದ ನನ್ನ ಕೈ ಹಿಡಿದುಕೊಂಡರು. ಆಕೆಯ ಮುಖದಲ್ಲಿ ಹೆದರಿಕೆ ಇರಲಿಲ್ಲ.

"ಆ ಕೈ ಹೆಂಗಿತ್ತು? ನನ್ನ ಕೈಯಂಗೆ ತಣ್ಣಗಿತ್ತಾ?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಇಲ್ಲ ಪಾರ್ವತಮ್ಮನೋರೇ. ಬೆಚ್ಚಗಿತ್ತು. ಜಾರಿದ ಕಾಲನ್ನ ಹಿಡಿದು ಮೆಟ್ಟಿಲ ಮೇಲೆ ಇಡ್ತು."

ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡರು.

"ನಮ್ಮವರ ಕೈ ಯಾವಾಗ್ಲೂ ಬೆಚ್ಚಗೇ ಇರ್ತಿತ್ತು" ಎಂದರು. ಆಮೇಲೆ, "ಇನ್ನೊಂದ್ ಚೂರು ಕಾಫಿ ಹಾಕ್ಲಾ ಸಿಸ್ಟ್ರೇ?" ಎಂದು ಎದ್ದು ಒಳಗೆ ಹೋದರು.